ಎರಡೂಕಾಲು ಓಮ್

ನವೆಂಬರ್ 3, ಸಂಜೆ 6.30

ಮತ್ತೆ ಡಬಲ್ ಶಿಫ್ಟ್. ಕಾರ್ಖಾನೆಯಲ್ಲಿ ಮೂರು ಮೋಟಾರು ಒಟ್ಟಿಗೆ ಕೈಕೊಟ್ಟವು. ಮಂಡಿ ಹಿಡಿದುಕೊಂಡಿದೆ. ಚಪ್ಪಲಿ ಬಿಡುವಷ್ಟರಲ್ಲಿ ಅಕ್ಕ ಶುರು ಮಾಡಿದಳು.

"ಗೀಸರ್ ನೀರು ಮೊದಲಿನ ಹಾಗೆ ಕಾಯ್ತಿಲ್ಲ ಕಣೋ. ಊರೋರ ಕರೆಂಟೆಲ್ಲ ನೋಡ್ತೀಯ, ಮನೇದು ನೋಡಲ್ಲ."

ನೋಡ್ತೀನಿ ಅಂದೆ. ನೋಡಲಿಲ್ಲ.

ನವೆಂಬರ್ 5, ಬೆಳಿಗ್ಗೆ 7

ಬಚ್ಚಲಲ್ಲಿ ಸ್ಟೂಲ್ ಹತ್ತಬೇಕು. ಮಂಡಿ ಒಪ್ಪಲಿಲ್ಲ. ಬಾಗಿಲ ಪಕ್ಕದ ಬೋರ್ಡಿನಲ್ಲೇ ಅಳೆದೆ. 230 ವೋಲ್ಟ್, 8 ಆಂಪ್ಸ್. ಗುಣಿಸಿದರೆ 1840 ವಾಟ್. ಗೀಸರ್ ಮೇಲೆ 2000 ಅಂತಿದೆ. ವೋಲ್ಟನ್ನು ಆಂಪ್ಸಿನಿಂದ ಭಾಗಿಸಿದರೆ ಕರೆಂಟಿಗಿರುವ ತಡೆ, 28.75 ಓಮ್. ಇರಬೇಕಾದದ್ದು 26.5. ಕಾಯಿಲ್ ಹಳತಾಗಿದೆ, ಇನ್ನೇನು.

"ಸ್ವಲ್ಪ ಕಮ್ಮಿ, ಅಷ್ಟೇ. ಲೆಕ್ಕ ಮಾಡಿದೀನಿ."

"ನಿನ್ನ ಲೆಕ್ಕ ಸ್ನಾನ ಮಾಡಲ್ಲವಲ್ಲ."

ಬೆನ್ನುನೋವೆಂದು ಅಕ್ಕ ಮಂಚವನ್ನು ಗೋಡೆಗೆ ಒತ್ತಿ ಹಾಕಿಸಿಕೊಂಡಿದ್ದಾಳೆ. ಬೆಳಗಿನ ಹೊತ್ತು ಆ ಗೋಡೆ ಬೆಚ್ಚಗಿರುತ್ತಂತೆ. ಒರಗಿ ಕೂತರೆ ಹಿತವಂತೆ. ಬಿಸಿಲಿಗೆ ಇರಬೇಕು ಬಿಡು ಅಂದೆ.

ನವೆಂಬರ್ 9

ರಜೆ. ಸ್ಟೂಲ್ ಹತ್ತಲೇಬೇಕಾಯಿತು. ಹೊಸ ಕಾಯಿಲ್ ಹಾಕಿದೆ. ಇಳಿದು ಬಂದು ಬೋರ್ಡಿನಲ್ಲಿ ನೋಡಿದರೆ ಅದೇ 8 ಆಂಪ್ಸ್. ಮೀಟರಿನ ಸೆಲ್ ವೀಕಾಗಿರಬೇಕು... ಸಾಕಾಗಿಹೋಗಿದೆ. ಮಲಗಿಬಿಟ್ಟೆ.

ನವೆಂಬರ್ 14, ಸಂಜೆ 7

ಕಾರ್ಖಾನೆಗೆ ಹೊಸದಾಗಿ ಬಂದಿರುವ ಎಲೆಕ್ಟ್ರಿಷಿಯನ್ ಹೆಂಗಸಿನ ಮೇಲೆ ರೇಗಿದೆ. "ಬೋರ್ಡಲ್ಲಿ ಅಳೆದು ಏನು ಸಿಗುತ್ತಮ್ಮಾ? ಮಿಷಿನ್ ಹತ್ರ ಹೋಗಿ ಅಳೀರಿ." ಹೇಳುತ್ತಿದ್ದಂತೆ ನಮ್ಮ ಬಚ್ಚಲ ಬೋರ್ಡು ನೆನಪಾಯಿತು.

ಮನೆಗೆ ಬಂದವನೇ ಬಿಚ್ಚಿಟ್ಟಿದ್ದ ಹಳೇ ಕಾಯಿಲ್ ಅಳೆದೆ. 26.5. ಗುಂಡುಕಲ್ಲಿನ ಹಾಗಿದೆ. ಪಾಪ, ಅದರದೇನೂ ತಪ್ಪಿಲ್ಲ.

ಹಾಗಾದರೆ ಮಿಕ್ಕ ಎರಡೂಕಾಲು ಓಮ್ ಬೋರ್ಡಿನಿಂದ ಗೀಸರಿಗೆ ಹೋಗುವ ವೈರಿನಲ್ಲಿದೆ. ಎಂಟರಿಂದ ಗುಣಿಸಿದೆ — 18 ವೋಲ್ಟ್. ಮತ್ತೆ ಎಂಟರಿಂದ — 144 ವಾಟ್. ಗೀಸರ್ ಹಾಕಿದಾಗಲೆಲ್ಲ ದಾರಿಯಲ್ಲೆಲ್ಲೋ ಅಷ್ಟು ಉರಿಯುತ್ತಿದೆ.

ಎಲ್ಲೋ ಏನು. ಗೊತ್ತು. ಆ ವೈರಿನಲ್ಲಿ ಇರುವುದು ಒಂದೇ ಜಾಯಿಂಟ್. ಒಂಬತ್ತು ವರ್ಷದ ಹಿಂದೆ ಈ ಮನೆಗೆ ಬಂದಾಗ ನಾನೇ ಹಾಕಿದ್ದು. ಬರೀ ತಿರುಚಿ ಟೇಪ್ ಸುತ್ತಿದ್ದೆ. ಆಮೇಲೆ ಸರಿ ಮಾಡೋಣ ಅಂದುಕೊಂಡಿದ್ದೆ. ಬಚ್ಚಲಿನ ಆಚೆ ಬದಿ, ಅಕ್ಕನ ಮಂಚದ ಹಿಂದಿನ ಗೋಡೆಯಲ್ಲಿ. ಅಲ್ಲಿಗೆ ಬಿಸಿಲೇ ಬೀಳುವುದಿಲ್ಲ.

ಗೀಸರಿನ ಲೈನು ಆಫ್ ಮಾಡಿದೆ. ಬೆಳಕಿನಲ್ಲಿ ಬಿಚ್ಚುತ್ತೇನೆ.

ನವೆಂಬರ್ 15, ಬೆಳಿಗ್ಗೆ 8

ಮೇನ್ ಆಫ್ ಮಾಡಿ ಮಂಚ ಎಳೆದೆ. ಬೆಳಬೆಳಗ್ಗೆ ಏನೋ ನಿಂದು ಎಂದು ಅಕ್ಕ ಗೊಣಗಿದಳು. ಜಾಯಿಂಟ್ ಇದ್ದ ಗೋಡೆಯ ಡಬ್ಬಿಯ ಮುಚ್ಚಳ ಸೊಟ್ಟಗಾಗಿತ್ತು. ಒಳಗೆ ಟೇಪ್ ಇರಲಿಲ್ಲ, ಕರಿ ಪುಡಿ ಇತ್ತು. ಹಾಸಿಗೆಯ ಅಂಚು ಅಂಗೈಯಗಲ ಕಂದಿತ್ತು. ಹತ್ತಿಯ ಹಾಸಿಗೆ.

ಅಂಚನ್ನು ಮಡಚಿಟ್ಟೆ. ಅಕ್ಕ ಕನ್ನಡಕ ಹಾಕಿರಲಿಲ್ಲ.

ಸುಟ್ಟ ವೈರ್ ಕತ್ತರಿಸಿ, ಹೊಸದೆಳೆದು, ಕನೆಕ್ಟರ್ ಹಾಕಿದೆ. ಈ ಸಲ ಗೀಸರ್ ಹತ್ತಿರವೇ ಅಳೆದೆ. 230. 8.7 ಆಂಪ್ಸ್. 2000 ವಾಟ್.

ಸಂಜೆ 6

ನೀರು ಸುಡುತ್ತಿತ್ತಂತೆ. ಅಕ್ಕನಿಗೆ ಖುಷಿ. ಸ್ನಾನ ಮುಗಿಸಿ ಮಂಚದ ಮೇಲೆ ಒರಗಿದಳು. ಸ್ವಲ್ಪ ಹೊತ್ತು ಗೋಡೆ ಸವರಿದಳು.

"ಗೋಡೆ ತಣ್ಣಗಾಗಿಹೋಯ್ತಲ್ಲೋ. ಅದನ್ನೂ ಸ್ವಲ್ಪ ರಿಪೇರಿ ಮಾಡು. ನನ್ನ ಬೆನ್ನಿಗೆ ನೀನೇ ದಿಕ್ಕು."

ಹೇಳಿಬಿಡಬೇಕು ಎಂದು ಪಕ್ಕದಲ್ಲಿ ಕೂತೆ. "ಅಕ್ಕಾ, ಒಂಬತ್ತು ವರ್ಷದ ಹಿಂದೆ ನಾನು —" ಎಂದು ಶುರು ಮಾಡಿದೆ.