ಮಂಗಳವಾರ ಸಾಹೇಬರು ಬರುತ್ತಾರೆ

ರಂಗಂಪೇಟೆ, ಸುರಪುರ
೧೭ ಮೇ ೨೦೨೫, ಶನಿವಾರ

ಪ್ರೀತಿಯ ಹನುಮಕ್ಕನಿಗೆ,

ನಿನ್ನ ತಂಗಿ ಶಿವಲೀಲಾಳ ನಮಸ್ಕಾರ. ನಾನು ಇಲ್ಲಿ ಉಂಡುಟ್ಟು ಗಟ್ಟಿಯಾಗಿದ್ದೇನೆ. ನೀನು, ಮಲ್ಕಪ್ಪ ಮಾಮಾ, ನನ್ನ ದೇವಿಕಾ ಹೇಗಿದ್ದೀರಿ ಎಂದು ಕೇಳಲಿಕ್ಕೂ ನನಗೆ ಮುಖವಿಲ್ಲ. ಮಗಳನ್ನು ನಿನ್ನ ಹತ್ತಿರ ಬಿಟ್ಟು ಹದಿನಾಲ್ಕು ತಿಂಗಳಾಯಿತು. ನಾನು ಬಂದು ನೋಡಿ ಹೋಗಿಯೇ ಎರಡು ತಿಂಗಳು. ಕಾಗದ ಬರೆಯುತ್ತೇನೆ ಎಂದು ಯುಗಾದಿಗೆ ಹೇಳಿದವಳು ಈಗ ಕೂತಿದ್ದೇನೆ. ಬಯ್ಯಿ, ಬೇಕಾದಷ್ಟು ಬಯ್ಯಿ.

ಕೈಯಲ್ಲಿ ಫೋನ್ ಇಟ್ಟುಕೊಂಡು ಕಾಗದವೇಕೆ ಎಂದು ನಗಬೇಡ. ಫೋನ್ ಹಚ್ಚಿದರೆ ನೀನು ಮಾತಾಡುವ ಮೊದಲೇ ಅವಳು ಕಸಿದುಕೊಳ್ಳುತ್ತಾಳೆ. "ಅವ್ವಾ, ಯಾವಾಗ ಬರ್ತಿ? ನನ್ನ ಕರ್ಕೊಂಡ್ ಹೋಗ್ತೀ ಇಲ್ಲೋ?" ಎನ್ನುತ್ತಾಳೆ. ಅಷ್ಟಕ್ಕೇ ಹೇಳಬೇಕಾದ ಮಾತು ಹೊಟ್ಟೆಯಲ್ಲೇ ಉಳಿಯುತ್ತದೆ. ನಾನು ಹೊಲಿಯುವ ಅಂಗಡಿಯ ಚಮನಬೀ ಆಪಾಳ ತಮ್ಮ ಖಾಜಾಮಿಯಾ ನಾಳೆ ನಿಮ್ಮ ಗೋಗಿ ದರ್ಗಾಕ್ಕೆ ಹೊರಟಿದ್ದಾನೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನೀನೊಬ್ಬಳೇ ಓದಿಕೊ.

ಮಾರ್ಚಿನಲ್ಲಿ ದೇವಿಕಾಳ ಖರ್ಚಿಗೆ ಹಣ ಕಳಿಸಲಿಲ್ಲ, ಮೊದಲು ಅದನ್ನು ಹೇಳುತ್ತೇನೆ. ಆ ತಿಂಗಳು ಐದನೇ ತಾರೀಖು ಬ್ಯಾಂಕಿನ ಕಂತು. ಅದು ಖಾತೆಯಿಂದ ತಾನೇ ಕಡಿತವಾಗುತ್ತದೆ. ಹಿಂದಿನ ದಿನ ಸಂಜೆ ಫೋನಿನಲ್ಲಿ ನೋಡಿದರೆ ಖಾತೆಯಲ್ಲಿ ನಲವತ್ತು ರೂಪಾಯಿ ಕಡಿಮೆ! ಯಾವುದೋ ಮೆಸೇಜಿನ ಶುಲ್ಕ ಎಂದು ಮುರಿದುಕೊಂಡಿದ್ದರು. ನಿನಗೆಂದು ತೆಗೆದಿಟ್ಟಿದ್ದ ಸಾವಿರದೈನೂರನ್ನೂ ಹಾಗೆಯೇ ತಂದು ಖಾತೆಗೆ ಸುರಿದೆ. ಮತ್ತೆ ಏನು ಮುರಿಯುತ್ತಾರೋ ಎಂಬ ಭಯ. ನಲವತ್ತಕ್ಕೆ ಸಾವಿರದೈನೂರು ಹಾಕಿದ ಹುಚ್ಚಿ ಎಂದು ಆಪಾ ಬಹಳ ನಕ್ಕಳು. ನನಗೆ ನಗು ಬರಲಿಲ್ಲ. ಒಂದು ಕಂತು ತಪ್ಪಿದರೆ ವರ್ಷದ ಕೆಲಸ ನೀರುಪಾಲು.

ಆ ಕೆಲಸ ಏನೆಂದು ನಿನಗೆ ಸರಿಯಾಗಿ ಎಂದೂ ಹೇಳಿಲ್ಲ. ಹಣಮೇಶನ ಟಂಟಂ ಆಟೋ ನೆನಪಿದೆಯಲ್ಲ? ಅದರ ಸಾಲ ಮಹಿಳಾ ಸಂಘದ ಮೇಲೆ ನನ್ನ ಹೆಸರಿನಲ್ಲಿ ತೆಗೆದದ್ದು. ಗಂಡ ಟಂಟಂ ಮಾರಿ ಪುಣೆಯ ದಾರಿ ಹಿಡಿದ, ಸಹಿ ಹಾಕಿದವಳು ಇಲ್ಲಿ ಉಳಿದೆ. ಏಳು ಕಂತು ನಿಂತಮೇಲೆ ವಸೂಲಿಯವನು ಬಂದು, "ಅಕ್ಕಾರ, ಅರ್ಧ ಕಟ್ಟಿ ಸೆಟಲ್‌ಮೆಂಟ್ ಮಾಡ್ಕೋರಿ, ಮುಗೀತು" ಎಂದ. ದೇವರೇ ಬಂದಂತಾಯಿತು. ಕೊರಳಿನ ಬಂಗಾರದ ಬೋರಮಾಳ ಅಡವಿಟ್ಟು ಅರ್ಧ ಕಟ್ಟಿದೆ. ಓಣಿಗೆಲ್ಲ ಪೇಢೆ ಹಂಚಿದೆ ಅಕ್ಕಾ! ಅರ್ಧ ಕಟ್ಟಿದ ಸಾಲ ಅವರ ಪುಸ್ತಕದಲ್ಲಿ ಮುಗಿದ ಸಾಲವಲ್ಲ, ಮಾಫಿ ಕೇಳಿ ತಪ್ಪಿಸಿಕೊಂಡ ಸಾಲ ಎಂದು ನನಗೇನು ಗೊತ್ತು. ನಾಲ್ಕು ವರ್ಷ ಬಿಟ್ಟು ಹೊಲಿಗೆ ಯಂತ್ರಕ್ಕೆ ಸಾಲ ಕೇಳಲು ಹೋದಾಗ ಮ್ಯಾನೇಜರ್ ಮೇಡಂ ಕಂಪ್ಯೂಟರ್ ನೋಡಿ, "ನಿಮ್ ಸಾಲದ ಸಿಬಿಲ್ ಅಂಕ ಐನೂರ ಎಪ್ಪತ್ತೊಂದು ಅದ. ಏಳ್ನೂರು ಆಗದ ಹೊರ್ತು ನಾ ಏನೂ ಮಾಡಾಕ ಬರಂಗಿಲ್ರಿ" ಎಂದರು. ಪೇಢೆ ತಿಂದವರೆಲ್ಲ ಕಣ್ಣಮುಂದೆ ಬಂದರು.

ಮೇಡಂ ಒಳ್ಳೆಯವರು, ದಾರಿ ಹೇಳಿಕೊಟ್ಟರು. ಉಳಿದ ಅರ್ಧವನ್ನೂ ಕಟ್ಟಿ ಬಾಕಿ ಇಲ್ಲ ಎಂಬ ಪತ್ರ ತಂದೆ. ಹತ್ತು ಸಾವಿರ ಠೇವಣಿ ಇಟ್ಟು, ಅದರ ಮೇಲೆಯೇ ಸಣ್ಣ ಸಾಲ ತೆಗೆದು, ತಿಂಗಳು ತಿಂಗಳು ತೀರಿಸುತ್ತಿದ್ದೇನೆ. ನನ್ನ ಹಣವನ್ನೇ ನಾನು ಸಾಲ ತೆಗೆದು ಬಡ್ಡಿ ಕಟ್ಟುವುದು! ಮಾಮಾಗೆ ಹೇಳಿದರೆ ಬಿದ್ದು ಬಿದ್ದು ನಗುತ್ತಾರೆ. ಆದರೆ ಈಕೆ ಹೇಳಿದ ದಿನಕ್ಕೆ ಕಟ್ಟುತ್ತಾಳೆ ಎಂದು ಅವರಿಗೆ ತೋರಿಸಲು ಬೇರೆ ದಾರಿ ಇಲ್ಲವಂತೆ. ಐದಕ್ಕೆ ಕಂತು, ಹನ್ನೆರಡಕ್ಕೆ ಬೋರಮಾಳದ ಬಡ್ಡಿ, ಇಪ್ಪತ್ತಕ್ಕೆ ಮನೆ ಬಾಡಿಗೆ. ಈ ಮೂರು ತಾರೀಖು ಬಿಟ್ಟರೆ ನನ್ನ ತಿಂಗಳಿನಲ್ಲಿ ಬೇರೆ ದಿನವೇ ಇಲ್ಲ. ಮೊನ್ನೆ ಸಿಬಿಲ್ ಏಳುನೂರ ನಾಲ್ಕಾಗಿದೆ.

ಎಪ್ಪತ್ತು ಸಾವಿರಕ್ಕೆ ಅರ್ಜಿ ಹಾಕಿದ್ದೇನೆ. ಮೋಟಾರಿನ ಹೊಲಿಗೆ ಯಂತ್ರ ಒಂದು, ಸೀರೆಯ ಅಂಚು ಹೊಲಿಯುವ ಪಿಕೋ ಯಂತ್ರ ಒಂದು. ಎರಡೂ ಬಂದರೆ ಆಪಾಳ ಅಂಗಡಿಯ ಹತ್ತು ತಾಸಿನ ದುಡಿಮೆ ಬಿಟ್ಟು ಮನೆಯಲ್ಲೇ ಹೊಲಿಯಬಹುದು, ದೇವಿಕಾಳನ್ನು ಕರೆತಂದು ಜೂನ್‌ನಲ್ಲಿ ಇಲ್ಲಿಯ ಶಾಲೆಗೆ ಹಾಕಬಹುದು. ಇದಿಷ್ಟೇ ನನ್ನ ಆಸೆ. ಮೊದಲು ಅವಳನ್ನು ಅಂಗಡಿಗೆ ಕರೆದೊಯ್ದಾಗ ಏನಾಯಿತೆಂದು ನಿನಗೆ ಗೊತ್ತು. ನಾನು ರವಿಕೆಯ ಅಳತೆ ತೆಗೆಯುತ್ತಿದ್ದೆ, ಅವಳು ಇಸ್ತ್ರಿ ಪೆಟ್ಟಿಗೆಗೆ ಕೈ ಹಚ್ಚಿದಳು. ಆ ಬೊಬ್ಬೆಗೆ ಮುಲಾಮು ಹಚ್ಚುತ್ತ ನೀನೇ ಅಂದೆ: "ದುಡಿ, ಇಲ್ಲಾ ಕೂಸು ನೋಡು. ಎರಡೂ ಒಬ್ಬಾಕಿ ಕೈಲಿ ಆಗಂಗಿಲ್ಲ. ಇಕಿನ್ನ ನಾ ಒಯ್ತೀನಿ." ನೀನು ಒಯ್ಯದಿದ್ದರೆ ನಾನು ಎಲ್ಲಿ ಹೋಗಬೇಕಿತ್ತು? ಆದರೂ ಸುಳ್ಳು ಹೇಳಲಾರೆ, ಕಳೆದ ಸಲ ಅವಳು ನಿನ್ನ ಸೆರಗು ಹಿಡಿದು ಮಲಗಿದ್ದನ್ನು ನೋಡಿ ನನ್ನ ಹೊಟ್ಟೆ ಉರಿಯಿತು. ತಪ್ಪು ತಿಳಿಯಬೇಡ.

ಮಂಗಳವಾರ ಹನ್ನೊಂದಕ್ಕೆ ಬ್ಯಾಂಕಿನ ಸಾಹೇಬರೊಬ್ಬರು ಮನೆ ನೋಡಲು ಬರುತ್ತಾರೆ. ಎಲ್ಲಿರುತ್ತಾಳೆ, ಯಂತ್ರ ಇಡಲು ಜಾಗ ಇದೆಯೇ, ಅಕ್ಕಪಕ್ಕದವರು ಏನು ಹೇಳುತ್ತಾರೆ, ಎಲ್ಲ ಬರೆದುಕೊಂಡು ಹೋಗುತ್ತಾರಂತೆ. ಅದರ ಮೇಲೆ ಸಾಲ ನಿಂತಿದೆ. ನೀನು ಅದೇ ದಿನ ದೇವಿಕಾಳನ್ನು ಕರೆದುಕೊಂಡು ಬರುತ್ತೇನೆ ಎಂದಿದ್ದೆ. ಈ ವಾರ ಬೇಡ ಅಕ್ಕಾ. ಬಿಸಿಲು ಬಹಳ, ಶಹಾಪುರದಲ್ಲಿ ಬಸ್ಸು ಬದಲಿಸಬೇಕು, ಕೂಸಿಗೆ ಝಳ ಹೊಡೆದೀತು. ಮುಂದಿನ ವಾರ ನೋಡೋಣ.

ಮಾಮಾಗೆ ನಮಸ್ಕಾರ ಹೇಳು, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳಲಿ. ನನ್ನ ಬಂಗಾರಕ್ಕೆ ನೂರು ವರ್ಷ ಆಯುಷ್ಯವಾಗಲಿ, ನನ್ನ ಹಣೆಬರಹ ಅವಳಿಗೆ ತಾಗದಿರಲಿ. ನಿನ್ನ ಋಣಕ್ಕೆ ಯಾವ ಬ್ಯಾಂಕಿನಲ್ಲೂ ಕಂತಿಲ್ಲ ಅಕ್ಕಾ.

ನಿನ್ನ ತಂಗಿ,
ಶಿವಲೀಲಾ

ತಾ.ಕ.: ಕಾಗದ ಮಡಚಿ ಮತ್ತೆ ಬಿಚ್ಚಿದ್ದೇನೆ. ಬಿಸಿಲಿನ ಮಾತು ಸುಳ್ಳು. ಬ್ಯಾಂಕಿನ ಮುಂದೆ ಕೂತು ಅರ್ಜಿ ತುಂಬಿಸಿಕೊಡುವ ವೆಂಕಟಪ್ಪ ಎಂಬವನಿದ್ದಾನೆ. ಮಕ್ಕಳೆಷ್ಟು ಎಂಬ ಜಾಗಕ್ಕೆ ಬಂದಾಗ ಅವನು ಪೆನ್ನು ನಿಲ್ಲಿಸಿದ. "ಇಲ್ಲ ಅಂತ ಬರೀರಿ. ಗಂಡ ಬಿಟ್ಟಾಕಿ, ಮ್ಯಾಲ ಸಣ್ಣ ಕೂಸು ಅಂದ್ರ, ಖರ್ಚು ಭಾಳ, ಕಂತು ತಪ್ಪಸ್ತಾಳ ಅಂತಾರ. ಯಾರರೆ ಕೂಸಿನ್ನ ನೋಡಿ ಕೇಳಿದ್ರ ಅಕ್ಕನ ಮಗಳು ಅಂದ್ರಾತು" ಎಂದ. ನಾನು ಪೆನ್ನು ಅವನ ಕೈಯಿಂದ ಇಸಿದುಕೊಂಡೆ. ಬೇರೆಯವರು ಬರೆಯುವುದು ಬೇಡ ಎನಿಸಿತು. ನನ್ನ ಕೈಯಿಂದಲೇ 'ಇಲ್ಲ' ಎಂದು ಬರೆದೆ.

ಸಾಹೇಬರ ಕಣ್ಣಿಗೆ ಬೀಳದಿರಲಿ ಎಂದು ನಿನ್ನೆ ಅವಳ ಲಂಗ, ಬರೆಯುವ ಪಾಟಿ, ಸಣ್ಣ ಚಪ್ಪಲಿ ಎಲ್ಲ ಗಂಟು ಕಟ್ಟಿ ಆಪಾಳ ಮನೆಯಲ್ಲಿ ಇಡಲು ಒಯ್ದೆ. ಆಪಾ ಗಂಟು ಮುಟ್ಟಲಿಲ್ಲ. "ಜೀವಂತ ಕೂಸಿನ ಬಟ್ಟಿ ಹಿಂಗ ಗಂಟು ಕಟ್ತಾರೇನ ಶಿವಲೀಲಾ? ತೋಬಾ ತೋಬಾ, ತಿರುಗಿ ಒಯ್ಯಿ" ಎಂದಳು. ದಾರಿಯುದ್ದಕ್ಕೂ ಅಳುತ್ತ ತಿರುಗಿ ತಂದೆ.

ಬರಬೇಡ ಎಂದದ್ದನ್ನು ಮರೆತುಬಿಡು. ಮಂಗಳವಾರ ಮೊದಲ ಬಸ್ಸಿಗೇ ಅವಳನ್ನು ಕರೆದುಕೊಂಡು ಬಾ. ಅರ್ಜಿ ಸುಳ್ಳು ಎಂದು ಸಾಲ ನಿಲ್ಲಿಸಬಹುದು, ಜೂನ್ ಕೈತಪ್ಪಬಹುದು, ಗೊತ್ತು. ಅದಕ್ಕಿಂತ ದೊಡ್ಡ ಹೆದರಿಕೆ ಒಂದಿದೆ. ಸಾಹೇಬರು ಇವಳು ಯಾರು ಎಂದು ಕೇಳಿದಾಗ, ಎಪ್ಪತ್ತು ಸಾವಿರದ ಆಸೆಗೆ, ಅವಳ ಎದುರಿಗೇ ನನ್ನ ಬಾಯಿಂದ ಅಕ್ಕನ ಮಗಳು ಎಂದು ಬಂದುಬಿಟ್ಟರೆ? ನೀನು ನನ್ನ ಪಕ್ಕದಲ್ಲೇ ಕೂತಿರು. ಹಾಗೇನಾದರೂ ಬಂದರೆ, ಸಾಹೇಬರು ನೋಡುತ್ತಿದ್ದರೂ ಸರಿ, ನನ್ನ ಬಾಯಿಗೆ ಹೊಡೆ.