ತಣ್ಣಗಿರುವಾಗ ಮಾತ್ರ ಕೇಳುವ ಸದ್ದು

ನವೆಂಬರ್ 4, ಮಂಗಳವಾರ

ಮೂರು ಆಯಿಲ್ ಚೇಂಜ್. ಒಂದು ಬ್ರೇಕ್ ಪ್ಯಾಡ್. ಒಬ್ಬ ಗಿರಾಕಿಯ ಸೀಟಿನಡಿ ಕೊಳೆತ ಬಾಳೆಹಣ್ಣು, ಅದಕ್ಕೂ ನಾನೇ ಬೇಕು.

ಮಧ್ಯಾಹ್ನ ನರ್ಸಕ್ಕನ ಹೈಬ್ರಿಡ್ ಕಾರು ಮತ್ತೆ ಬಂತು. ಮೂರನೇ ಸಲ. ಕಂಪ್ಲೇಂಟ್ ಅದೇ, ಬೆಳಿಗ್ಗೆ ಎಂಜಿನ್ ಸದ್ದು ಸರಿಯಿಲ್ಲ. ಕೌಂಟರಿನಲ್ಲಿ ಕೂರುವ ಟೈ, ಕಾರಿಗೆ ಕಂಪ್ಯೂಟರ್ ಚುಚ್ಚಿ ನೋಡಿದ. (ಹೆಸರಿದೆ ಅವನಿಗೆ. ಆದರೆ ಮನುಷ್ಯನಿಗಿಂತ ಮೊದಲು ಅವನ ಟೈ ಒಳಗೆ ಬರುತ್ತದೆ.) ಒಂದು ಎರರ್ ಕೋಡೂ ಇಲ್ಲ. ನಗುತ್ತಾ ಪಾಠ ಶುರು ಮಾಡಿದ.

"ಮೇಡಂ, ಹೈಬ್ರಿಡ್ ಅಂದ್ರೆ ಹಾಗೇನೇ. ಬ್ಯಾಟರಿಲಿ ಓಡುವಾಗ ಸದ್ದೇ ಇರಲ್ಲ. ಆಮೇಲೆ ಎಂಜಿನ್ ಬಂದ್ರೆ ಜೋರು ಅನ್ಸುತ್ತೆ. ಅದು ಮನಸ್ಸಿಗೆ ಅಷ್ಟೇ."

"ಮನಸ್ಸಿಗೆ ಸರ್ವಿಸ್ ಮಾಡ್ಸೋಕೆ ಬಂದಿಲ್ಲಪ್ಪ. ಕಾರಿಗೆ ಮಾಡ್ಸೋಕೆ ಬಂದಿದೀನಿ."

ನಗು ತಡೆಯಲಾಗಲಿಲ್ಲ. ಟೈ ತಿರುಗಿದ. "ಏನೇ ಸೈಲೆನ್ಸರ್, ಕೆಲಸ ಇಲ್ವಾ?"

ಸೈಲೆನ್ಸರ್ ಅಂದರೆ ನಾನು. ಬಾಯಿ ಜೋರು ಅಂತ ಇಟ್ಟ ಹೆಸರು. ಮನೆಯಲ್ಲಿ ಅಮ್ಮನ ಕಿವಿಯನ್ನು ಮಿಲ್ಲಿನ ಮಗ್ಗಗಳು ಇಪ್ಪತ್ತು ವರ್ಷ ಕೂತು ತಿಂದಿವೆ. ಕೂಗದಿದ್ದರೆ ಒಂದು ಲೋಟ ನೀರೂ ಸಿಗಲ್ಲ. ಅಲ್ಲಿ ಕಲಿತ ಬಾಯಿ.

ಟೆಸ್ಟ್ ಡ್ರೈವ್‌ಗೆ ನನ್ನನ್ನೇ ಕಳಿಸಿದರು. ಗೇಟಿನಿಂದ ಎಡಕ್ಕೆ, ಪೆಟ್ರೋಲ್ ಬಂಕ್ ತನಕ, ವಾಪಸ್. ಎಲ್ಲ ಕಾರಿಗೂ ಅದೇ ನಾಲ್ಕು ಕಿಲೋಮೀಟರ್, ಅಂಗೈ ಹಾಗೆ ಸಮ. ಕಾರು ಬಿಸಿಯಾಗಿತ್ತು. ಎರಡು ಸಲ ಎಂಜಿನ್ ಬಂತು, ಹೊಸ ಸೊಸೆ ಹಾಗೆ ಮೆಲ್ಲಗೆ ಮಾತಾಡಿ ಒಳಗೆ ಹೋಯಿತು.

ಜಾಬ್ ಕಾರ್ಡಿಗೆ ಎರಡು ಸಹಿ ಬೇಕು. ಓಡಿಸಿದವರದ್ದು, ವರ್ಕ್‌ಶಾಪಿನ ಮೇಸ್ತ್ರಿಯದ್ದು. ಮೇಸ್ತ್ರಿ ಆಗಲೇ "ಮಾಮೂಲಿ ಸದ್ದು" ಅಂತ ಬರೆದು ಸಹಿ ಗೀಚಿದ್ದರು. ಕಾರಿನ ಹತ್ತಿರಕ್ಕೂ ಬಾರದೆ.

ನಾನು ಹಾಕಲಿಲ್ಲ.

ಯಾಕೆ ಅಂದರೆ ಆ ಸದ್ದು ನಾನು ಕೇಳಿದ್ದೇನೆ. ಆಗಸ್ಟ್‌ನಲ್ಲಿ, ವಾಷಿಂಗಿನಲ್ಲಿದ್ದಾಗ. ರಾತ್ರಿ ಶೆಡ್ಡಿನಲ್ಲಿ ನಿಂತಿದ್ದ ಇದೇ ಕಾರನ್ನು ಬೆಳಿಗ್ಗೆ ಏಳಕ್ಕೆ ತೊಳೆಯೋಕೆ ತೆಗೆದೆ. ಮೊದಲ ಮೂರು ಸೆಕೆಂಡು, ಸ್ಟೀಲ್ ಡಬ್ಬಿಯಲ್ಲಿ ಜಲ್ಲಿಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ಸ್ಟೀರಿಂಗ್ ನಡುಗಿತು. ಆಮೇಲೆ ಏನೂ ಇಲ್ಲ. ಯಾರಿಗೂ ಹೇಳಲಿಲ್ಲ. ಪೈಪ್ ಹಿಡಿದವಳನ್ನು ಯಾರು ಕೇಳ್ತಾರೆ.

ಈಗ ಸ್ಪ್ಯಾನರ್ ಹಿಡಿದಿದ್ದೇನೆ. ಈಗ ಹೇಳ್ತೀನಿ.

ನವೆಂಬರ್ 5

ಟೈ ಕ್ಯಾಬಿನ್ನಿಗೆ ಕರೆದ. ಬಾಗಿಲು ಹಾಕಿದ.

"ನೋಡು. ಇಪ್ಪತ್ನಾಲ್ಕಕ್ಕೆ ನಿನ್ನ ಟ್ರಯಲ್ ಮುಗಿಯುತ್ತೆ. ಸಹಿ ಹಾಕು, ನೀಲಿ ಡ್ರೆಸ್ ಹಾಕೋ, ಮೆಕ್ಯಾನಿಕ್ ಆಗು. ಇಲ್ಲಾಂದ್ರೆ ವಾಪಸ್ ಪೈಪ್ ಹಿಡಿ."

"ಕಾರು ತಣ್ಣಗಿರುವಾಗ ಒಂದ್ಸಲ ಕೇಳಿ. ಆಮೇಲೆ ಹಾಕ್ತೀನೋ ಇಲ್ವೋ ಹೇಳ್ತೀನಿ."

"ಮೇಸ್ತ್ರಿ ಮೂವತ್ತು ವರ್ಷದ ಸರ್ವಿಸು. ನೀನು ಒಂಬತ್ತನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋಳು."

"ಸ್ಕೂಲ್ ಬಿಟ್ಟೆ. ಕಿವೀನ ಅಲ್ಲೇ ಬಿಟ್ಟು ಬಂದಿಲ್ಲ."

ಬಾಗಿಲು ಅವನು ಹಾಕಿದ್ದ. ಹೊರಗೆ ಬಂದು ನಾನು ಹಾಕುವಾಗ ಇನ್ನೂ ಚೆನ್ನಾಗಿ ಕೇಳಿಸಿತು.

ನವೆಂಬರ್ 9, ಭಾನುವಾರ

ಬೆಳಿಗ್ಗೆ ಐದೂವರೆಗೇ ನರ್ಸಕ್ಕನ ಮನೆ ಮುಂದೆ. ಅವರು ಬೆಟ್ಟದ ಮೇಲಿನ ಹೆರಿಗೆ ಆಸ್ಪತ್ರೆಗೆ ಹೋಗಿ ಬರುವವರು. ಹನ್ನೊಂದು ತಿರುವು. ಆಂಬುಲೆನ್ಸ್ ಬಾರದ ದಿನ ಬಸುರಿಯರನ್ನು ಇದೇ ಕಾರಿನಲ್ಲಿ ಕೆಳಗೆ ದೊಡ್ಡಾಸ್ಪತ್ರೆಗೆ ಕರೆತರುತ್ತಾರೆ.

ಬಟನ್ ಒತ್ತಿದರು. ಬಂತು. ಅದೇ ಜಲ್ಲಿ. ಮೂರು ಸೆಕೆಂಡು. ಕನ್ನಡಿಯಲ್ಲಿ ನನ್ನ ಮುಖವೇ ಎರಡಾಗಿ ಕಂಡಿತು. ಆಮೇಲೆ ಬೆಣ್ಣೆ ಹಾಗೆ ನಯ.

"ಕೇಳಿದ್ಯಾ?"

"ಕೇಳ್ದೆ."

"ಸದ್ಯ. ನಂಗೇ ಭ್ರಮೆ ಅಂತ ಅನ್ಕೊಂಡಿದ್ದೆ. ಹೋದ ವಾರ ಮೇಲಿಂದ ಹೊರಡುವಾಗ ಒಂದು ಕ್ಷಣ ನಿಂತೇ ಹೋಗೋ ಹಾಗಾಯ್ತು ಕಣೇ. ಹಿಂದಿನ ಸೀಟಲ್ಲಿ ನೋವು ಶುರುವಾದೋಳು. ನಾನು ಅವಳಿಗೆ ಉಸಿರು ಬಿಡು ಅಂತೀನಿ, ಕಾರು ಉಸಿರು ಹಿಡ್ಕೊಂಡಿದೆ."

ಪೂರ್ತಿ ದಾರಿ ಕೂತು ಕೇಳಿದೆ. ಬರೆದಿಡಬೇಕು, ಇಲ್ಲದಿದ್ದರೆ ಟೈ ಎಲ್ಲ ಸದ್ದನ್ನೂ ಒಂದೇ ಚೀಲಕ್ಕೆ ತುಂಬ್ತಾನೆ.

ಬೀದಿಯಲ್ಲಿ, ಇಪ್ಪತ್ತರ ಸ್ಪೀಡು — ಬ್ಯಾಟರಿ. ಟೈರಿನ ಕೆಳಗೆ ಮರಳು ಕಿರುಗುಟ್ಟೋದೂ ಕೇಳುತ್ತದೆ. ನಾಯಿ ಕೂಡ ಏಳಲಿಲ್ಲ. ಮುಖ್ಯರಸ್ತೆಯಲ್ಲಿ ಎಂಜಿನ್ ಬರ್ತದೆ, ಹೋಗ್ತದೆ, ಹೇಳದೆ ಕೇಳದೆ. ಏರಿನಲ್ಲಿ ಬೊಬ್ಬೆ. ಸ್ಪೀಡು ಮೂವತ್ತೈದರಲ್ಲೇ ಇದೆ, ಎಂಜಿನ್ ಮಾತ್ರ ಒಂದೇ ರಾಗದಲ್ಲಿ ಅರಚ್ತಾ ಇದೆ. ಗೇರಿನ ಕಾರು ಓಡಿಸಿದವರಿಗೆ ಎದೆ ಒಡೆಯುತ್ತದೆ. ಆದರೆ ಅದು ಸರಿ. ಅದನ್ನು ಕಟ್ಟಿರೋದೇ ಹಾಗೆ, ಬೇಕಾದ ಶಕ್ತಿಗೆ ತಕ್ಕ ಕೂಗು, ಚಕ್ರಕ್ಕೆ ತಕ್ಕದ್ದಲ್ಲ. ಇಳಿಯುವಾಗ ಇನ್ನೂ ತಮಾಷೆ. ಆರನೇ ತಿರುವಿಗೆ ಬ್ಯಾಟರಿ ತುಂಬಿತು. ಕಾಲು ಆಕ್ಸಿಲರೇಟರ್ ಮೇಲಿಲ್ಲ, ಆದರೂ ಎಂಜಿನ್ ಗುಂಯ್ ಅಂತ ಎದ್ದಿತು. ಪೆಟ್ರೋಲ್ ಕುಡಿಯದೆ ಬರೀ ತಿರುಗಿ ಕಾರನ್ನು ಹಿಡಿದುಕೊಳ್ಳುತ್ತೆ. ಅದೂ ಸರಿ.

ಬೆಳಗಿನ ಜಲ್ಲಿ ಮಾತ್ರ ಸರಿಯಲ್ಲ.

ಎಂಜಿನ್ ತಣ್ಣಗಿಡುವ ಕೂಲಂಟ್ ನೀರಿನ ಬಾಟಲಿ ನೋಡಿದೆ. ಗೆರೆಗಿಂತ ಒಂದು ಬೆರಳು ಕೆಳಗೆ. ಎಲ್ಲೂ ಸೋರಿಲ್ಲ. ಅಂದರೆ ಒಳಗೆ ಸೋರುತ್ತಿದೆ. ರಾತ್ರಿ ಪೂರ್ತಿ ಹನಿಹನಿಯಾಗಿ ಸಿಲಿಂಡರಿಗೆ.

ಬಿಚ್ಚಿದರೆ ಗೊತ್ತಾಗುತ್ತೆ. ಕಾರ್ಡಿನಲ್ಲಿ ಮೇಸ್ತ್ರಿ ಬರೆಯದೆ ಒಂದು ಸ್ಕ್ರೂ ಬಿಚ್ಚೋ ಹಾಗಿಲ್ಲ.

ನವೆಂಬರ್ 13

ಬರೆಯೋಕೆ ಮನಸ್ಸಿಲ್ಲ. ಬರೀತೀನಿ.

ನಿನ್ನೆ ಸಂಜೆ ನರ್ಸಕ್ಕ ಕಾರು ಬಿಟ್ಟು ಹೋದರು. ಇವತ್ತು ಒಂಬತ್ತಕ್ಕೆ ಎಲ್ಲರನ್ನೂ ಕರೆದೆ. ಟೈ, ಮೇಸ್ತ್ರಿ, ಪೇಂಟಿಂಗಿನವರು, ಬ್ಯಾಟರಿಯವನು. ಎದೆ ಉಬ್ಬಿಸಿ ಬಟನ್ ಒತ್ತಿದೆ.

ಬೆಣ್ಣೆ.

ಜಲ್ಲಿ ಇಲ್ಲ, ನಡುಕ ಇಲ್ಲ, ಏನೂ ಇಲ್ಲ.

"ಸೈಲೆನ್ಸರ್ ಕಿವಿಗೇ ಆಯಿಲ್ ಚೇಂಜ್ ಮಾಡ್ಬೇಕು," ಅಂದ ಬ್ಯಾಟರಿಯವನು. ಎಲ್ಲರೂ ನಕ್ಕರು. ಮೇಸ್ತ್ರಿಯೂ. ಸ್ವಲ್ಪ ತಡವಾಗಿ.

ಆಮೇಲೆ ಹೊಳೆಯಿತು. ಬಾನೆಟ್ ಮೇಲೆ ನೀರಿನ ಹನಿ. ಎಲ್ಲರೂ ಮಾವ ಅನ್ನುವ ವಾಷಿಂಗಿನವನು ಏಳಕ್ಕೇ ಕಾರು ತೆಗೆದು ತೊಳೆದು ವಾಪಸ್ ಇಟ್ಟಿದ್ದ. ಪಾಪ, ಅವನ ಕೆಲಸ ಅದು. ಎರಡು ವರ್ಷ ನಾನೂ ಅದೇ ಮಾಡಿದ್ದೆ. ಆ ಒಂದು ನಿಮಿಷದ ಓಟಕ್ಕೆ ಸಿಲಿಂಡರಿನ ನೀರು ಸುಟ್ಟು ಹೋಗುತ್ತೆ. ಮೆಕ್ಯಾನಿಕ್‌ಗಳು ಬರೋದು ಒಂಬತ್ತಕ್ಕೆ. ಈ ವರ್ಕ್‌ಶಾಪಿನಲ್ಲಿ ಕಾರಿನ ಮೊದಲ ಉಸಿರು ಕೇಳೋದು ಪೈಪ್ ಹಿಡಿದವರು ಮಾತ್ರ. ಅವರನ್ನು ಯಾರೂ ಕೇಳೋದೇ ಇಲ್ಲ.

ಟೈ ಕಾರ್ಡ್ ಮುಂದೆ ಹಿಡಿದ. "ಈಗ ಹಾಕು."

"ಇಲ್ಲ."

"ಯಾಕೆ?"

"ಇವತ್ತು ಕಾರು ಮಾತಾಡ್ಲಿಲ್ಲ. ನಾನ್ಯಾಕೆ ಅದರ ಪರವಾಗಿ ಸುಳ್ಳು ಹೇಳ್ಲಿ?"

ನವೆಂಬರ್ 14

ಮೇಸ್ತ್ರಿಗೆ ಕಿವಿ ಕೇಳಲ್ಲ.

ಇವತ್ತು ಅವರ ಬೆನ್ನ ಹಿಂದೆ ಕಂಪ್ರೆಸರ್ ಪೈಪ್ ಕಿತ್ತುಕೊಂಡು ಹಾವಿನ ಹಾಗೆ ಬುಸುಗುಟ್ಟಿತು. ಎಲ್ಲರೂ ಹಾರಿದರು. ಅವರು ನಟ್ ಬಿಗಿಮಾಡ್ತಾನೇ ಇದ್ದರು. ಆಮೇಲೆ ನಮ್ಮ ಮುಖ ನೋಡಿ ತಿರುಗಿದರು.

ಅಮ್ಮನೂ ಹಾಗೇ. ಬಾಯಿ ನೋಡ್ತಾಳೆ. ಬೇರೆಯವರು ನಕ್ಕ ಮೇಲೆ ನಗ್ತಾಳೆ. ಗೊತ್ತಾಗದಿದ್ದರೆ "ಹೂಂ, ಹೂಂ" ಅಂತಾಳೆ.

ಮೇಸ್ತ್ರಿಯ "ಹೂಂ, ಹೂಂ" ಕಾರ್ಡಿನಲ್ಲಿದೆ. ಮಾಮೂಲಿ ಸದ್ದು. ಎಷ್ಟು ವರ್ಷದಿಂದ, ಎಷ್ಟು ಕಾರಿಗೆ?

ಸಿಟ್ಟು ನೆತ್ತಿಗೇರಿತು. ಫ್ಲೋರ್ ಮಧ್ಯೆ ನಿಂತು ಒಂದು ಸಲ ಕೂಗಿದರೆ ಸಾಕು, ನಾನು ಗೆದ್ದೆ. ಮೇಸ್ತ್ರಿ ಮನೆಗೆ.

ಬೇಡ. ಈ ಎಂಜಿನ್‌ಗಳೇ ಕೂತು ತಿಂದ ಕಿವಿ ಅದು. ಅದನ್ನು ಮೆಟ್ಟಿ ಹತ್ತೋಕೆ ನಾನೇನು ಟೈ ಅಲ್ಲ. ಕಾರಿನಿಂದಲೇ ಗೆಲ್ಲಬೇಕು.

ನವೆಂಬರ್ 20, ಸಂಜೆ

ನರ್ಸಕ್ಕ ಮತ್ತೆ ಕಾರು ತಂದರು. "ಇದೇ ಕೊನೆ ಸಲ. ನಾಳೆ ಸಂಜೆ ಬೇಕೇ ಬೇಕು. ಮೇಲೆ ಇಬ್ರು ದಿನ ತುಂಬಿದೋರಿದಾರೆ."

ಎಲ್ಲರೂ ಹೋದ ಮೇಲೆ ಕಾರನ್ನು ಲಿಫ್ಟಿಗೆ ಹತ್ತಿಸಿದೆ. ಆಳೆತ್ತರಕ್ಕೆ. ಲಾಕ್ ಮೇಲೆ ಕೂರಿಸಿದೆ, ನಾಲ್ಕೂ ತೋಳು ಎರಡೆರಡು ಸಲ ನೋಡಿದೆ. ಲಿಫ್ಟಿನ ಕೀ ತೆಗೆದು ಜೇಬಿಗೆ ಹಾಕಿಕೊಂಡೆ. ಮಾವ ಈಗ ಬೇಕಾದರೆ ಏಣಿ ಹಾಕಿ ತೊಳೆಯಲಿ.

ಪರ್ಮಿಷನ್ ಕೇಳಲಿಲ್ಲ. ಕೇಳಿದ್ದರೆ ಕೊಡ್ತಿರಲಿಲ್ಲ. ಲೆಕ್ಕ ಸರಿಯಾಯಿತು.

ನವೆಂಬರ್ 21

ಟೈ ಕೆಂಪಗಾಗಿದ್ದ. "ಯಾರು ಇದನ್ನ ಮೇಲಿಟ್ಟಿದ್ದು? ಬೆಳಗಿಂದ ಲಿಫ್ಟ್ ಬಂದ್. ಮೂರು ಗಾಡಿ ಕಾಯ್ತಿದೆ."

"ನಾನು." ಕೀ ತೋರಿಸಿದೆ. "ಇನ್ನೈದು ನಿಮಿಷ ಕಾಯ್ಲಿ."

ಇಳಿಸಿದೆ. ಬಾನೆಟ್ ಮುಟ್ಟಿದೆ, ತಣ್ಣಗೆ ಕಲ್ಲು. ಮೇಸ್ತ್ರಿ ದೂರ ನಿಂತಿದ್ದರು. ಹೋಗಿ ಎದುರು ನಿಂತು, ಬಾಯಿ ಕಾಣುವ ಹಾಗೆ, ಮೆಲ್ಲಗೆ ಹೇಳಿದೆ.

"ಮಡ್‌ಗಾರ್ಡ್ ಮೇಲೆ ಅಂಗೈ ಇಡಿ."

"ಯಾಕೆ?"

"ಇಡಿ ಮೇಸ್ತ್ರಿ."

ಇಟ್ಟರು. ನಾನು ಒಳಗೆ ಕೂತು ಬಟನ್ ಒತ್ತಿದೆ. ಎಂಜಿನ್ ತಿರುಗಿತು. ಜಲ್ಲಿ. ಇಡೀ ಕಾರು ಚಳಿ ಹಿಡಿದ ಹಾಗೆ. ಬ್ಯಾಟರಿಯವನು ಒಂದು ಹೆಜ್ಜೆ ಹಿಂದೆ ಸರಿದ. ಗಾಜಿನಾಚೆ ಮೇಸ್ತ್ರಿಯ ಕೈ ಎಗರಿದ್ದು ಕಂಡಿತು. ಮತ್ತೆ ಒತ್ತಿ ಹಿಡಿದರು. ಮೂರು ಸೆಕೆಂಡು. ಆಮೇಲೆ ನಯ.

ಅವರು ಕಾರನ್ನು ನೋಡಲಿಲ್ಲ. ನನ್ನನ್ನು ನೋಡಿದರು. ನನಗೆ ಗೊತ್ತು ಅಂತ ಅವರಿಗೆ ಗೊತ್ತಾಯಿತು.

"ಇದೆಲ್ಲ ಹೈಬ್ರಿಡ್‌ನಲ್ಲಿ ಮಾಮೂ—" ಅಂತ ಟೈ ಶುರು ಮಾಡಿದ.

"ಸುಮ್ನಿರಪ್ಪ," ಅಂದರು ಮೇಸ್ತ್ರಿ. "ಪ್ಲಗ್ ಬಿಚ್ಚು ಮಗಾ."

ಪ್ಲಗ್ ತೂತಿನಿಂದ ಒಳಗೆ ಪುಟ್ಟ ಕ್ಯಾಮೆರಾ ಇಳಿಸಿದೆವು. ಮೂರು ಪಿಸ್ಟನ್ ಮಸಿ ಕಪ್ಪು. ಒಂದು ಮಾತ್ರ ಈಗಷ್ಟೇ ತೊಳೆದಿಟ್ಟ ತಟ್ಟೆ ಹಾಗೆ ಫಳಫಳ. ಪ್ರತಿದಿನ ಕೂಲಂಟಿನಲ್ಲಿ ಸ್ನಾನ. ನೀರು ಒಳಗೆ ಬಾರದ ಹಾಗೆ ತಡೆಯುವ ಗ್ಯಾಸ್ಕೆಟ್ ಹೋಗಿದೆ. ಇನ್ನೊಂದು ತಿಂಗಳು ಬಿಟ್ಟಿದ್ದರೆ ಯಾವುದೋ ತಿರುವಿನಲ್ಲಿ ಎಂಜಿನ್ನೂ ಹೋಗುತ್ತಿತ್ತು.

ಮೇಸ್ತ್ರಿ ಕಾರ್ಡ್ ತರಿಸಿದರು. ಎಲ್ಲರೆದುರು ತಮ್ಮ ಅಕ್ಷರದ ಮೇಲೆ ತಾವೇ ಗೆರೆ ಎಳೆದರು. ಕೆಳಗೆ ಬರೆದರು — ಮಾಮೂಲಿ ಅಲ್ಲ. ಈಗ ಸಹಿ ಹಾಕಿದೆ. ಪೇಪರ್ ಹರಿಯುವಷ್ಟು ಒತ್ತಿ.

ರಿಪೇರಿ ಆಗೋವರೆಗೆ ನರ್ಸಕ್ಕನಿಗೆ ಬೇರೆ ಕಾರು ಕೊಡಿಸಿದರು.

ಸಂಜೆ ಟೈ ಗೇಟಿನಲ್ಲಿ ನಿಂತಿದ್ದ. "ಕೀ ಕದ್ದು ಲಿಫ್ಟ್ ಬಂದ್ ಮಾಡಿದೋಳಿಗೆ ಇಲ್ಲಿ ಜಾಗ ಇಲ್ಲ. ಸೋಮವಾರದಿಂದ ಬರ್ಬೇಡ."

"ಬರೆದು ಕೊಡಿ."

"ಏನು?"

"ಯಾಕೆ ತೆಗೆದ್ರಿ ಅಂತ ಬರೆದು ಕೊಡಿ. ಸದ್ದು ಕೇಳಿಸಿದ್ದಕ್ಕೆ ಅಂತ."

ಕೊಡಲಿಲ್ಲ.

ನವೆಂಬರ್ 24, ಸೋಮವಾರ, ಬೆಳಿಗ್ಗೆ 6.50

ಬಂದಿದ್ದೇನೆ. ಕಾಂಪೌಂಡ್ ಗೋಡೆ ಮೇಲೆ ಕೂತು ಬರೀತಿದ್ದೇನೆ. "ಬರ್ಬೇಡ ಅಂದ್ರಲ್ಲೇ," ಅಂತ ಅಮ್ಮ ಇಡೀ ಬೀದಿಗೆ ಕೇಳುವ ಹಾಗೆ ಕೇಳಿದಳು. ಅಂದದ್ದು ಅವನು, ಹೋಗುವ ಕಾಲು ನನ್ನದು ಅಂತ ನಾನೂ ಅಷ್ಟೇ ಜೋರಾಗಿ ಹೇಳಿ ಬಂದೆ.

ಮೇಸ್ತ್ರಿ ಸ್ಕೂಟರ್. ಇಷ್ಟು ಬೇಗ ಯಾವತ್ತೂ ಬಂದವರಲ್ಲ.

7.05

ಶೆಡ್ಡಿನೊಳಗೆ, ಕಾರಿನಲ್ಲಿ. ಮೇಸ್ತ್ರಿ ಬೀಗ ತೆಗೆದು ನನ್ನ ಕಡೆ ತಿರುಗಿದರು.

"ಮುಖ ನೋಡಿ ಮಾತಾಡು. ಟೈ ಏನಂತಾನೋ ನಂಗೊತ್ತಿಲ್ಲ. ಅವನಿಗೂ ಮೇಲೆ ಜನ ಇದಾರೆ. ಆದ್ರೆ ಇವತ್ತು ಗೇಟ್ ತೆಗೆಯೋದು ನಾನು."

"ಡ್ರೆಸ್?"

"ಡ್ರೆಸ್‌ಗೆ ಕಿವಿ ಇರುತ್ತಾ? ಒಳಗೆ ಶನಿವಾರದಿಂದ ಒಂದು ಬಿಳಿ ಗಾಡಿ ನಿಂತಿದೆ. ಮಾವನಿಗೆ ಮುಟ್ಬೇಡ ಅಂದಿದೀನಿ. ಮೊದಲು ನೀನು ಕೇಳು."

ಬಾನೆಟ್ ಮೇಲೆ ಅಂಗೈ ಇಟ್ಟು ನಿಂತಿದ್ದಾರೆ. ವಾಷಿಂಗಿನ ಮಾವನೂ ಪೈಪ್ ಕೆಳಗಿಟ್ಟು ಬಂದ. ಟೈನ ಕಾರು ಗೇಟಿನೊಳಗೆ ತಿರುಗಿತು, ಇವತ್ತೇ ಅವನಿಗೂ ಬೇಗ ಬರಬೇಕಿತ್ತು. ನಡೆದು ಬರ್ತಿದ್ದಾನೆ. ಗಾಜು ತಟ್ಟುತ್ತಿದ್ದಾನೆ. ತಟ್ಟಲಿ. ಅವನದ್ದು ಆಮೇಲೆ. ಒತ್ತಿದೆ. ಒಂದು… ಎರಡು…