ಹದಿನಾಲ್ಕು ತಿಂಗಳಿಗೆ ಕಾಗದವಿಲ್ಲ

ಹೆಬಳೆ,
೧೨ ಡಿಸೆಂಬರ್ ೧೯೪೯

ಕೊಲಂಬೊದಲ್ಲಿರುವ ಚಿರಂಜೀವಿ ಜಟ್ಟಪ್ಪನಿಗೆ ದೊಡ್ಡಪ್ಪನ ಆಶೀರ್ವಾದ. ನಿನ್ನ ತಂಗಿ ಬೆಳ್ಳಿ ಸೌಖ್ಯ.

ಅಲ್ಲಿಯ ಪ್ರಜೆಯಾಗಬೇಕಾದವರು ನಡುವೆ ವರ್ಷಕ್ಕಿಂತ ಹೆಚ್ಚು ಆ ದೇಶ ಬಿಟ್ಟಿರಬಾರದಂತೆ; ನಲವತ್ತೆರಡರಲ್ಲಿ ಬೆಳ್ಳಿಯ ಮದುವೆಗೆಂದು ಬಂದವನು ಹದಿನಾಲ್ಕು ತಿಂಗಳು ಯಾಕೆ ಉಳಿದೆ ಎಂದು ಅಲ್ಲಿಯ ಅಧಿಕಾರಿಗಳು ನಿನ್ನನ್ನು ಕೇಳಿದ್ದಾರಂತೆ. ಚಲೇಜಾವ್ ಮೆರವಣಿಗೆ ನೋಡುತ್ತ ನಿಂತಿದ್ದ ನಿನ್ನನ್ನು ಪೊಲೀಸರು ಒಳಗಿಟ್ಟಿದ್ದರು ಎಂಬುದಕ್ಕೆ ಕಾಗದ ಕೇಳಲು ಠಾಣೆಗೆ ಮೂರು ಸಲ ಹೋದೆ. "ಕೇಸೇ ಹಾಕ್ಲಿಲ್ಲ ಅಂದ್ಮೇಲೆ ಕಾಗದ ಎಲ್ಲಿಂದ ಬತ್ತದೆ ಅಜ್ಜಾ? ಕೋರ್ಟಿಗೆ ಹೋಗಿದ್ರೆ ತೀರ್ಪಾದ್ರೂ ಇರ್ತಿತ್ತು" ಎಂದರು.

ನೀನು ಆಗ ಲಾಕಪ್ಪಿನಲ್ಲಿದ್ದೆ ಎಂದು ಬರೆದು ಸಹಿ ಹಾಕಿಕೊಡಿ ಎಂದು ಊರ ಪಟೇಲರನ್ನು ಕೇಳಿದೆ. "ಎಂತ ಮಾರಾಯಾ, ಹುಡುಗ ಮಿರ್ಜಾನದಲ್ಲಿ ಗೇಣಿ ಗದ್ದೆ ಮಾಡ್ತಿದ್ದ ಅಂತ ಬೀಗರ ಎದುರು ನನ್ನ ಬಾಯಲ್ಲೇ ಹೇಳ್ಸಿದ್ದೆ ನೀನು!" ಎಂದರು. ಹೌದು, ಹೇಳಿಸಿದ್ದೆ. ಅಳಿಯನದು ಸರ್ಕಾರಿ ನೌಕರಿ. ಹುಡುಗಿಯ ಅಣ್ಣ ಲಾಕಪ್ಪಿನಲ್ಲಿದ್ದಾನೆ ಅಂದರೆ ಸಂಬಂಧ ಮುರಿಯುತ್ತಿತ್ತು. ನಿನಗೆ ಇದನ್ನು ಈವರೆಗೆ ತಿಳಿಸಿರಲಿಲ್ಲ. ಆಗ ಹೇಳಿದ್ದು ಸುಳ್ಳು ಎಂದು ಬರೆದುಕೊಡುತ್ತೇನೆ ಎಂದೆ. "ನಿನ್ನ ಯಾವ ಮಾತಿಗೆ ನಾ ಸಹಿ ಹಾಕ್ಲಿ?" ಎಂದರು. ಕೋಪದಿಂದಲ್ಲ, ಚಾ ಕೊಟ್ಟೇ ಹೇಳಿದರು.

ಬೇಕಾದರೆ ಈ ಪತ್ರವನ್ನೇ ತೋರಿಸು. ಪ್ರಯೋಜನವಾದೀತೆಂದು ನನಗೆ ಅನ್ನಿಸುವುದಿಲ್ಲ.

ಎಲ್ಲರೂ ಊರಿಗೆ ಬರಬೇಕಾದೀತು ಎಂದು ನಿನ್ನ ಹೆಂಡತಿಗೆ ನಿಧಾನಕ್ಕೆ ತಿಳಿಸು. ಮಕ್ಕಳಿಗೆ ಸಿಂಹಳ ಬಿಟ್ಟು ಬೇರೆ ಬಾರದು ಎಂದು ನೀನು ಬರೆದಿದ್ದೆ. ಇಂದಿನಿಂದಲೇ ದಿನಕ್ಕೆ ನಾಲ್ಕು ನಮ್ಮ ಮಾತು ಕಲಿಸು. ನೀರು ಬೇಕು, ಹಸಿವಾಗ್ತದೆ, ಹೆದರಿಕೆ ಆಗ್ತದೆ ಅನ್ನುವಷ್ಟಾದರೂ ಬರಲಿ.

ನಿನ್ನ ದೊಡ್ಡಪ್ಪ
ಮಾಸ್ತಪ್ಪ